ಸರಕಾರದ ಮುಯ್ಯಿ

ಇದನ್ನು ಹೇಳಬೇಕಾದ ಕಾಲಕ್ಕೆ ಹೇಳಲಿಲ್ಲ. ನೌಕರಿಯಲ್ಲಿದ್ದಾಗ ನೌಕರಿಯ ನೆಪವಿತ್ತು. ಪೆನ್ಶನ್ ಆದ ಮೇಲೆ, ಹಳೆಯ ಕತೆ ಈಗ ಯಾರಿಗೆ ಬೇಕು ಎಂಬ ನೆಪ. ನಡುವೆ, ಹೇಳಬೇಕಾಗಿದ್ದವರೇ ತೀರಿಕೊಂಡರೆಂದು ಗೊತ್ತಾದಾಗ, ಇನ್ನು ಹೇಳಿ ಏನು ಉಪಯೋಗ ಎಂದುಕೊಂಡೆ. ಎಲ್ಲ ನೆಪಗಳಲ್ಲಿ ಅದೇ ನನಗೆ ಬಹಳ ಅನುಕೂಲವಾದದ್ದು. ಅದನ್ನು ತಲೆಗಿಟ್ಟುಕೊಂಡು ಎಷ್ಟೋ ವರ್ಷ ಸುಖವಾಗಿ ನಿದ್ದೆ ಮಾಡಿದೆ.

ಈಚೆಗೆ ಮೊಮ್ಮಗಳ ಮದುವೆ ಗೊತ್ತಾಯಿತು. ಮನೆಯಲ್ಲಿ ಅಕ್ಷರ ತಿದ್ದುವವನು ನಾನೇ ಆದ್ದರಿಂದ ಲಗ್ನಪತ್ರಿಕೆಯ ಕರಡನ್ನು ನನ್ನ ಮುಂದಿಟ್ಟರು. "ಕಡೀಕ ಒಂದು ಸಾಲು ಸೇರಸಜ್ಜಾ, ಮುಯ್ಯಿ ತರಬಾರದು, ಆಶೀರ್ವಾದವೇ ಸಾಕು ಅಂತ" ಎಂದಳು ಹುಡುಗಿ. 'ಮುಯ್ಯಿ' ಎಂದು ಬರೆದು ನನ್ನ ಕೈ ನಿಂತಿತು. ಅವಳು ಬಗ್ಗಿ ನೋಡಿ, "ಯಾಕಜ್ಜಾ, ಒತ್ತಕ್ಷರ ತಪ್ಪೇತೇನು?" ಎಂದು ಕೇಳಿದಳು. ಒತ್ತಕ್ಷರ ಸರಿಯಾಗಿಯೇ ಇತ್ತು.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು. ಆಮೇಲೆ ಇನ್ನೊಂದು ಹೆಸರು ಅಂಟಿಕೊಂಡಿತು. ಅದು ಅಂಟಿಕೊಳ್ಳಲು ನಾನೇ ಕಾರಣ.

ನಾನು ಹಾನಗಲ್ ತಾಲೂಕಿನ ತಿಳವಳ್ಳಿಯ ಕಡೆಯವನು. ಹಾನಗಲ್ಲಿನಲ್ಲಿ ಮ್ಯಾಟ್ರಿಕ್ ಮುಗಿಸಿ, ಗ್ರಾಮಸೇವಕನ ತರಬೇತಿ ಪಡೆದು, ಐವತ್ತರ ದಶಕದ ಕೊನೆಯ ಹೊತ್ತಿಗೆ ಸವಣೂರ ಸೀಮೆಯ ಕೆಲವು ಹಳ್ಳಿಗಳಿಗೆ ನೇಮಕವಾದೆ. ಆಗ ರಾಜ್ಯ ಒಂದಾದ ಹೊಸತು. ಹಳ್ಳಿಯ ಅಭಿವೃದ್ಧಿ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಬೀಜ, ಗೊಬ್ಬರ, ಹೊಗೆಯಿಲ್ಲದ ಒಲೆ, ಬಾವಿ, ರಸ್ತೆ, ಯಾವುದಕ್ಕೂ ಸರಕಾರದಿಂದ ಅನುದಾನ ತರುವವನು ಗ್ರಾಮಸೇವಕನೇ ಎಂದು ಜನ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ಮೊದಲ ದಿನ ಯಲವಿಗಿ ಸ್ಟೇಷನ್ನಿನಲ್ಲಿ ಟ್ರಂಕು, ಹಾಸಿಗೆ, ಸೈಕಲ್ಲು ಸಮೇತ ಇಳಿದೆ. ಹೊರಗೆ ಒಂದು ಗಾಡಿ ನಿಂತಿತ್ತು. ವೀಳ್ಯದೆಲೆಯ ಬುಟ್ಟಿಗಳನ್ನು ರೈಲಿಗೆ ಹಾಕಿ, ಖಾಲಿ ಗಾಡಿಯನ್ನು ಊರಿಗೆ ತಿರುಗಿಸುತ್ತಿದ್ದವರು ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಗಡ್ಡಕ್ಕೆ ಮದರಂಗಿ. ಎರಡೂ ಎತ್ತುಗಳ ಹಣೆಗೂ ಅದೇ ಮದರಂಗಿ.

"ಕಾಕಾ, ಊರಿಗೆ ಹೊಂಟೀರೇನ್ರಿ? ನನ್ನೂ ಕರ್ಕೊಂಡು ಹೋಗ್ರಿ" ಎಂದೆ.

ಅವರು ನನ್ನತ್ತ ನೋಡಲೇ ಇಲ್ಲ. ಎಡಗಡೆಯ ಎತ್ತಿಗೆ ಹೇಳಿದರು: "ನೋಡಲೇ ರಾಜಾ, ಬೂಟು ಹಾಕ್ಕೊಂಡಾರ, ಕೈಯಾಗ ಸೈಕಲ್ಲು ಐತಿ, ಆದ್ರೂ ನಿನ್ನ ಗಾಡೀನ ಬೇಕಂತ. ಸೈಕಲ್ಲಿಗೆ ಕಾಲು ನೋವು ಬಂದಿರಬೇಕು ಪಾಪ." ಆಮೇಲೆ ಗಾಡಿಯಲ್ಲಿ ಹುಲ್ಲು ಸರಿಸಿ ಜಾಗ ಮಾಡಿ, "ಹತ್ರಿ, ಹತ್ರಿ. ರಾಜಾ ಹೂಂ ಅಂದ" ಎಂದರು.

ಅವರ ರೀತಿಯೇ ಅದು. ಮನುಷ್ಯರ ಮುಖಕ್ಕೆ ಹೇಳಲಾಗದ್ದನ್ನು ಎತ್ತಿಗೆ ಹೇಳುವರು. ಗೌಡರ ಲೋಭ, ಸ್ಟೇಷನ್ನಿನ ಗುಮಾಸ್ತನ ಸಿಟ್ಟು, ಬೀಗರ ಮನೆಯ ಸಪ್ಪೆ ಸಾರು, ಎಲ್ಲವನ್ನೂ ಆ ಎತ್ತು ಕೇಳಿಸಿಕೊಂಡಿತ್ತು. ಎದುರಿಗಿದ್ದವರು ಕೇಳಿಸಿಕೊಂಡು ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ನಿಲ್ಲುತ್ತಿದ್ದರು. ಅವರ ಹೆಂಡತಿಯನ್ನು ಊರು ಚಾಚಿ ಎನ್ನುತ್ತಿತ್ತು. ಆಕೆ ಹೊಸ್ತಿಲಲ್ಲಿ ನಿಂತು, "ಎತ್ತಿಗೆ ಹೇಳಿದ್ದು ಸಾಕು, ಒಂದಿಷ್ಟು ನನಗೂ ಹೇಳ್ರಿ. ನಾನೂ ಈ ಮನಿಯಾಗ ಮೇವು ತಿಂತೇನಿ" ಎನ್ನುವುದನ್ನು ನಾನೇ ಕೇಳಿದ್ದೇನೆ.

ಅವರನ್ನು ಸಂತ ಎಂದು ಬರೆಯಲಾರೆ. ಜಿಪುಣರು. ಬೀಡಿಯನ್ನು ಅರ್ಧ ಸೇದಿ, ಆರಿಸಿ, ಕಿವಿಯ ಹಿಂದೆ ಸಿಕ್ಕಿಸುವರು. ಇನ್ನೊಬ್ಬರಿಗೆ ಎಂದೂ ಕೊಟ್ಟವರಲ್ಲ. ಇಕ್ಕಟ್ಟಾದ ದಾರಿಯಲ್ಲಿ ಎದುರು ಗಾಡಿ ಬಂದರೆ ಇವರು ಹಿಂದೆ ಸರಿದದ್ದೇ ಇಲ್ಲ. "ನಂದು ಎಲಿ ಗಾಡಿ" ಎಂದರೆ ಮುಗಿಯಿತು. ಅದೂ ಸುಳ್ಳಲ್ಲ. ಸವಣೂರ ಎಲೆಗೆ ದೂರದ ಪೇಟೆಗಳಲ್ಲಿ ಹೆಸರಿತ್ತು. ಸಂಜೆಯ ರೈಲು ತಪ್ಪಿದರೆ ಬುಟ್ಟಿ ಮರುದಿನಕ್ಕೆ ಬೆವರುತ್ತದೆ, ಮೂರನೆಯ ದಿನ ಕಪ್ಪಾಗುತ್ತದೆ. "ರೈಲು ಕಾಯೂದಿಲ್ಲ, ಎಲಿ ಕಾಯೂದಿಲ್ಲ. ಕಾಯಾಂವ ಅಂದ್ರ ನಾ ಒಬ್ಬಾಂವ" ಎನ್ನುತ್ತಿದ್ದರು. ಬಿಸಿಲು ಏರಿದರೆ ತಮ್ಮ ತಲೆಯ ರುಮಾಲನ್ನೇ ಬಿಚ್ಚಿ, ನೀರಲ್ಲಿ ಅದ್ದಿ, ಬುಟ್ಟಿಗಳ ಮೇಲೆ ಹೊದಿಸಿ, ತಾವು ಬರಿದಲೆಯಲ್ಲಿ ಗಾಡಿ ಹೊಡೆಯುವರು.

ಊರಿಗೂ ಸ್ಟೇಷನ್ನಿಗೂ ನಡುವೆ ಒಂದು ಹಳ್ಳ. ಅದರ ಎರಡೂ ಬದಿಗೆ ಎರೆಮಣ್ಣು. ಮಳೆಗಾಲದಲ್ಲಿ ಗಾಲಿ ಅಚ್ಚಿನವರೆಗೆ ಹೂತುಬಿಡುವುದು. ಆ ಹಳ್ಳ ಬಂದ ಕೂಡಲೆ ಕಾಕಾ ಗಾಡಿಯಿಂದ ಇಳಿದು, ಹಗ್ಗ ಹಿಡಿದು ಮುಂದೆ ನಡೆಯುವರು. ಎತ್ತಿನ ಜೊತೆ ಮಾತಿಲ್ಲ, ಕತೆಯಿಲ್ಲ. ಬೇಸಿಗೆಯಲ್ಲಿ ಒಣಗಿದ ಹಳ್ಳಕ್ಕೂ ಹಾಗೆಯೇ. ಯಾಕೆ ಎಂದು ನಾನು ಚಾಚಿಯನ್ನು ಕೇಳಿದೆ. ಚಾಚಿ ಹೇಳಿದರು: ನಾನು ಬರುವ ಮುಂಚಿನ ಒಂದು ಶ್ರಾವಣದಲ್ಲಿ ರಾಜಾನ ಮೊದಲ ಜೋಡಿ ಎತ್ತು ಅಲ್ಲಿ ಕಾಲು ಮುರಿದುಕೊಂಡು ಬಿದ್ದಿತ್ತು. ಕತ್ತಲಾಗುವವರೆಗೆ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆಸರಿನಲ್ಲೇ ಕೂತಿದ್ದರಂತೆ.

ಆ ಹಳ್ಳಕ್ಕೆ ದಾರಿ ಮಾಡುವ ಯೋಜನೆ ಬಂದಾಗ ನನಗೆ ಹಿಗ್ಗಾಯಿತು. ಸರಕಾರದ ನಿಯಮ ಸರಳ: ಅರ್ಧ ಪಾಲು ಊರವರದು, ಅರ್ಧ ಅನುದಾನ. ಊರವರು ಮಣ್ಣು ಹಾಕಿ ದಾರಿಯನ್ನು ಎತ್ತರಿಸಬೇಕು. ಸರಕಾರ ಗರಸು, ಕಲ್ಲು ಕೊಟ್ಟು ಹಳ್ಳಕ್ಕೆ ಮೋರಿ ಕಟ್ಟುತ್ತದೆ. ಊರವರ ಪಾಲನ್ನು ರೊಕ್ಕದಲ್ಲಿ ಕೊಡಲಾಗದಿದ್ದರೆ ಮೈದುಡಿಮೆಯಲ್ಲಿ ಕೊಡಬಹುದು. ಅದಕ್ಕೆ ಶ್ರಮದಾನ ಎಂದು ಹೆಸರು.

ಚಾವಡಿಯಲ್ಲಿ ಜನ ಸೇರಿಸಿ, ತರಬೇತಿಯಲ್ಲಿ ಕಲಿತ ಭಾಷಣವನ್ನು ಪೂರ್ತಿ ಮಾಡಿದೆ. ಕೊನೆಗೆ ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳು ಕೇಳಿದಳು: "ದಾನಾ ಅಂದ್ರ ಅಯ್ಯಗೋಳಿಗೆ ಕೊಡೂದು, ಫಕೀರರಿಗೆ ಕೊಡೂದು. ಸರಕಾರಕ್ಕ ಅಂಥಾ ಬಡತನ ಏನ್ ಬಂತ್ರೀ ಯಪ್ಪಾ, ನಮ್ಮ ಕೈಲೆ ದಾನಾ ಬೇಡಾಕ?"

ಚಾವಡಿ ನಕ್ಕಿತು. ಇನ್ನೊಬ್ಬ ಎದ್ದ: "ರಸ್ತಾ ಆದ್ರ ಆರಾಮ ಯಾರಿಗೆ? ಗಾಡಿ ಇದ್ದಾಂವಗ. ನಮಗೇನು, ತಲಿ ಮ್ಯಾಲ ಬುಟ್ಟಿ, ಕಾಲಾಗ ಕೆಸರು. ಕಾಕಾನ ಎತ್ತಿನ ಸಲುವಾಗಿ ನಾವ್ಯಾಕ ಮಣ್ಣು ಹೊರೂಣು?"

ಕಾಕಾನಿಗೆ ಅದು ನಾಟಿತು. ಹಿಂದೆ ಕಂಬಕ್ಕೆ ಒರಗಿ ನಿಂತಿದ್ದವರು ಮುಂದೆ ಬಂದರು. ಹೇಳಿಕೊಳ್ಳಲು ಅಲ್ಲಿ ಎತ್ತು ಇರಲಿಲ್ಲ. ಮೊದಲು ಸ್ವಲ್ಪ ತಡವರಿಸಿದರು.

"ದಾನಾ ಬ್ಯಾಡ ಬಿಡ್ರಿ. ಮುಯ್ಯಾಳು ಹೋಗೂಣು" ಎಂದರು. "ಮೊದಲ ನಾವು ಸರಕಾರದ ಕೆಲಸಕ್ಕ ಹೋಗೂಣು. ಆಮ್ಯಾಲ ಸರಕಾರ ನಮ್ಮ ಕೆಲಸಕ್ಕ ಬರ್ತೈತಿ. ಕಲ್ಲು ತರ್ತೈತಿ, ಮೋರಿ ಕಟ್ತೈತಿ. ಅದು ಅದರ ಮುಯ್ಯಾ."

ಇಂದಿನವರಿಗೆ ತಿಳಿಯಲಿ ಎಂದು ಹೇಳುತ್ತೇನೆ. ಇವತ್ತು ನಿಮ್ಮ ಹೊಲಕ್ಕೆ ನಾನು ಬಂದು ದುಡಿದರೆ ನಾಳೆ ನನ್ನ ಹೊಲಕ್ಕೆ ನೀವು ಬರಬೇಕು. ಅದಕ್ಕೆ ಮುಯ್ಯಾಳು ಎನ್ನುವರು. ಕೂಲಿಯಿಲ್ಲ, ಬರಹವಿಲ್ಲ. ಆದರೆ ಮುಯ್ಯಿಯನ್ನು ನುಂಗಿದವನ ಮನೆಯ ಹೆಣಕ್ಕೂ ಜನ ಹೆಗಲು ಕೊಡಲು ಹಿಂದೆ ಮುಂದೆ ನೋಡುತ್ತಿದ್ದರು.

"ಸರಕಾರ ಮುಯ್ಯಾ ತೀರಸಲಿಲ್ಲಂದ್ರ?" ಎಂದು ಅದೇ ಮನುಷ್ಯ ಕೇಳಿದ.

"ಸರಕಾರ ಬರಲಿಲ್ಲಂದ್ರ ನಾ ಬರ್ತೇನಿ."

"ಎಲ್ಲಾರ ಮನೀಗೂ?"

"ಎಲ್ಲಾರ ಮನೀಗೂ." ಆಮೇಲೆ ನನ್ನ ಕಡೆಗೆ ತಿರುಗಿದರು. "ಹೌದಿಲ್ಲೋ ಸಾಹೇಬ್ರ? ಸರಕಾರ ಬರ್ತೈತಿಲ್ಲೋ?"

"ಬರ್ತೈತ್ರಿ ಕಾಕಾ" ಎಂದೆ. ಇಡೀ ಊರು ಕೇಳುವಂತೆ ಎಂದೆ.

ದೀಪಾವಳಿ ಕಳೆದ ಮೇಲೆ ಕೆಲಸ ಶುರುವಾಯಿತು. ಭಾಷಣಕ್ಕೆ ಕದಲದಿದ್ದ ಜನ ಆ ಒಂದು ಮಾತಿಗೆ ಬಂದರು. ಮುದುಕಿಯೂ ಬಂದಳು. ಒಂದು ದಿನ ನಾನೂ ಗುದ್ದಲಿ ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಯಾರಿಗೂ ಕಾಣದ ಹಾಗೆ ಮುಷ್ಟಿ ಕಟ್ಟಿಕೊಂಡಿದ್ದೆ. ಕಾಕಾ ಬಂದು, ಕೈ ಬಿಡಿಸಿ ನೋಡಿ, ಗಾಡಿಯ ಕೆಳಗೆ ತೂಗುತ್ತಿದ್ದ ಬಿದಿರ ಗೊಟ್ಟದಿಂದ ಕೀಲೆಣ್ಣೆ ಸುರಿದು ಎರಡೂ ಅಂಗೈಗೆ ಸವರಿದರು. ಗಾಲಿಯ ಅಚ್ಚಿಗೆ ಹಾಕುವ ಔಡಲೆಣ್ಣೆ. ನನ್ನ ಅಪ್ಪನೂ ನನ್ನ ಕೈಯನ್ನು ಅಷ್ಟು ಹೊತ್ತು ಹಿಡಿದದ್ದಿಲ್ಲ.

"ರಾಜಾ, ಸರಕಾರದ ಅಂಗೈ ಭಾಳ ಮೆತ್ತಗೈತಲೇ" ಎಂದರು ಎತ್ತಿಗೆ. ಆಮೇಲೆ ನನಗೆ: "ಇವತ್ತಿನ ನಿಮ್ಮ ದಿನಾನೂ ಮುಯ್ಯಾನ. ನಾ ಮರಿಯೂದಿಲ್ಲ."

ಸಂಕ್ರಾಂತಿಯ ಹೊತ್ತಿಗೆ ಹಳ್ಳದ ಎರಡೂ ಬದಿಗೆ ಎತ್ತರವಾದ ಮಣ್ಣಿನ ದಾರಿ ಸಿದ್ಧವಾಯಿತು. ಬಾಕಿಯಿದ್ದದ್ದು ಸರಕಾರದ ಪಾಲು. ಗರಸು ಬಿದ್ದು ಮೋರಿ ಆಗದೆ ಹೋದರೆ ಆ ಬರಿಮಣ್ಣು ಒಂದು ಮಳೆಗೂ ನಿಲ್ಲುವಂಥದ್ದಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ನನಗೂ.

ಮಾರ್ಚಿನಲ್ಲಿ ಶಿಗ್ಗಾವಿಯಲ್ಲಿ ಒಂದು ಸಭೆ. ಅನುದಾನ ಕಡಿಮೆ, ಕೇಳುವ ಊರು ಹೆಚ್ಚು. ಯಾವ ಊರಿನ ಪಾಲು ಪೂರ್ತಿಯಾಗಿದೆ, ಯಾವುದಕ್ಕೆ ಮೊದಲು ಕೊಡಬೇಕು ಎಂದು ತೀರ್ಮಾನಿಸುವ ಸಭೆ ಅದು. ಹಿರಿಯ ಅಧಿಕಾರಿ ಮೈಸೂರ ಕಡೆಯವರು, ಹೊಸದಾಗಿ ಬಂದವರು; ನಮ್ಮ ಮಾತು ಕೇಳಿದರೆ ಅವರಿಗೆ ಮೋಜು. ನಮ್ಮ ಊರಿನ ಸರದಿ ಬರುವ ಮುಂಚೆ ಚಹಾ ಬಂತು. ಚಹಾದ ಹೊತ್ತಿಗೆ ಯಾರೋ ಒಂದು ನಗೆಯ ಪ್ರಸಂಗ ಹೇಳಿದರು. ಅಧಿಕಾರಿ ನಕ್ಕರು. ನನಗೂ ಅವರನ್ನು ನಗಿಸಬೇಕೆನಿಸಿತು. ನನ್ನ ಮುಖ ಅವರ ನೆನಪಿನಲ್ಲಿ ಉಳಿಯಬೇಕು, ಮೇಲಿನ ಜಾಗ ಖಾಲಿಯಾದಾಗ ಆ ಚುರುಕಿನ ಹುಡುಗ ಎಲ್ಲಿ ಎಂದು ಅವರು ಕೇಳಬೇಕು. ಆಸೆ ಇಷ್ಟೇ. ಲಂಚವಲ್ಲ, ಹಗೆಯಲ್ಲ. ಅದಕ್ಕೇ ನೆನೆದರೆ ಹೆಚ್ಚು ನಾಚಿಕೆ.

"ನಮ್ಮ ಊರಾಗ ಜನಾ ಶ್ರಮದಾನ ಮಾಡೂದಿಲ್ರಿ ಸರ್, ಮುಯ್ಯಾ ಮಾಡ್ತಾರ" ಎಂದು ಶುರುಮಾಡಿದೆ. ಮುದುಕಿಯ ಮಾತು ಹೇಳಿದೆ. ಕಾಕಾ ಎತ್ತಿನ ಜೊತೆ ಮಾತಾಡುವ ರೀತಿಯನ್ನು ಅವರದೇ ದನಿಯಲ್ಲಿ ಮಾಡಿ ತೋರಿಸಿದೆ. "ಇನ್ನ ಸುಗ್ಗಿಗೆ ಸರಕಾರ ಅವರ ಹೊಲಕ್ಕ ಕುಡಗೋಲು ಹಿಡಕೊಂಡು ಹೋಗಬೇಕ್ರಿ ಸರ್. ತಾವೂ ಒಂದು ರುಮಾಲು ತರಿಸಿಟ್ಟಿರ್ರಿ" ಎಂದೆ. ಎಲ್ಲರೂ ನಕ್ಕರು. ಚಹಾ ಕೊಡುತ್ತಿದ್ದ ಪಟ್ಟೇವಾಲಾ ಒಬ್ಬನೇ ನಗಲಿಲ್ಲ. ಅದನ್ನು ನೋಡಿಯೂ ನೋಡಲಿಲ್ಲ ನಾನು.

ಅಧಿಕಾರಿ ನಕ್ಕು ಮುಗಿಸಿ ಕಪ್ಪನ್ನು ಕೆಳಗಿಟ್ಟರು. "ಅಂದರೆ ಅವರು ದುಡಿದದ್ದಕ್ಕೆ ಪ್ರತಿಫಲ ಬರಬೇಕು ಎಂಬ ಲೆಕ್ಕ. ಅದು ದಾನವಲ್ಲ ಅಂತಾಯಿತು, ಅಲ್ಲವೆ?"

ನಗೆ ಇನ್ನೂ ನನ್ನ ಮುಖದ ಮೇಲಿತ್ತು. ಆಗ ನಾನು ಹೇಳಬೇಕಾದದ್ದು ಬಹಳ ಇತ್ತು. ಅದು ಅವರ ಭಾಷೆ ಸಾಹೇಬರೆ, ಮಾತು ಬೇರೆ, ಹಾಕಿದ ಮಣ್ಣು ಒಂದೇ, ನಾಳೆ ಬಂದು ಕಣ್ಣಾರೆ ನೋಡಿರಿ ಎನ್ನಬಹುದಿತ್ತು. ಹಾಗೆ ಹೇಳಿದರೆ ನಾನು ಈಗ ನಗಿಸಿದ್ದು ಸುಳ್ಳು ಎಂದಾಗುತ್ತಿತ್ತು.

"ದಾನಾ ಅಲ್ರಿ ಸರ್" ಎಂದೆ.

"ನಿಯಮದಲ್ಲಿ ದಾನ ಎಂದೇ ಇದೆ" ಎಂದರು ಅಧಿಕಾರಿ. ಆ ವರ್ಷದ ಅನುದಾನ ಬೇರೆ ಊರಿನ ಪಾಲಾಯಿತು.

ನಾನು ನಾಲ್ಕು ದಿನ ಬಿಟ್ಟು ಊರಿಗೆ ಬಂದು, ಮೇಲಿನಿಂದ ಮಂಜೂರಾಗಲಿಲ್ಲ ಎಂದೆ. ಕಾಕಾ ಗಾಡಿಗೆ ಎಣ್ಣೆ ಹಾಕುತ್ತಿದ್ದರು. ತಲೆಯೆತ್ತದೆ, "ನಮ್ಮ ಮಣ್ಣಿನ ಕೆಲಸಾ ಮುಗದೈತಿ ಅಂತ ನೀವು ಹೇಳಿದ್ರಿಲ್ಲ?" ಎಂದು ಕೇಳಿದರು.

"ಹೇಳಿದೆ ಕಾಕಾ. ಭಾಳ ಹೇಳಿದೆ. ಕೇಳಲಿಲ್ಲ."

ಅವರು ಎಣ್ಣೆಯ ಕೈಯನ್ನು ಗಾಲಿಗೆ ಒರೆಸಿದರು. "ರಾಜಾ, ಸಾಹೇಬ್ರು ಭಾಳ ಹೇಳ್ಯಾರಂತಲೇ" ಎಂದರು. ಅಷ್ಟೇ.

ಮೊದಲ ದೊಡ್ಡ ಮಳೆಗೆ ಮಣ್ಣು ಕರಗಿ ಹಳ್ಳಕ್ಕೆ ಹೋಯಿತು. ಊರವರು ದಂಡೆಯಲ್ಲಿ ನಿಂತು ನೋಡಿದರು. ಕಾಕಾನನ್ನು ಯಾರೂ ಬಯ್ಯಲಿಲ್ಲ. "ತನ್ನ ಗಾಡಿಗೆ ದಾರಿ ಮಾಡ್ಕೊಳ್ಳಾಕ ಊರಿಗೆ ಮಣ್ಣು ಹೊರಿಸಿದ" ಎಂದು ಚಾವಡಿಯಲ್ಲಿ ತಕರಾರು ಎತ್ತಿದ್ದ ಆ ಮನುಷ್ಯ ಮಾತ್ರ ಅಂದ, ಅದೂ ಮೆಲ್ಲಗೆ. ಕಾಕಾ ಕೇಳಿಸಿಕೊಂಡರು.

ಮರುವಾರದಿಂದ ಅವರು ಮುಯ್ಯಿ ತೀರಿಸಲು ಹೊರಟರು. ಮೊದಲು ಆ ಮುದುಕಿಯ ಮನೆ, ಆಮೇಲೆ ಗಂಡಸರಿಲ್ಲದ ಮನೆಗಳು, ಆಮೇಲೆ ಉಳಿದವರು. ಗಾಡಿ ಎತ್ತು ಸಮೇತ ಹೋದ ದಿನ ಆಳಿನ ಹಲವು ದಿನಕ್ಕೆ ಸಮ ಎಂದು ಊರಿನ ರೂಢಿ. ಆದರೂ ಮುಗಿಯಲು ಎರಡು ಸುಗ್ಗಿ ಹಿಡಿಯಿತು. ಅವರಿಲ್ಲದ ದಿನ ಎಲೆಬುಟ್ಟಿಗಳು ಬೇರೆಯವರ ಗಾಡಿಯಲ್ಲಿ ಹೋದವು, ಕ್ರಮೇಣ ಆ ಬಾಡಿಗೆ ಅಲ್ಲೇ ಉಳಿಯಿತು. ಬ್ಯಾಡ ಕಾಕಾ ಎಂದವರೂ ಇದ್ದರು. ಹಾಗೆ ಅಂದವರ ಹೊಲದ ಬದುವಿನ ಮೇಲೆ, ಅವರು ಕೆಲಸ ಹೇಳುವವರೆಗೆ ಹೋಗಿ ಕೂತುಬಿಡುತ್ತಿದ್ದರು. ಒಬ್ಬ ಮಾತ್ರ ಹಿಂದೆ ಮುಂದೆ ನೋಡದೆ ಬಾವಿಯ ಹೂಳು ತೆಗೆಸಿದ. ಮೆಣಸಿನಕಾಯಿ ಬಿಡಿಸುವುದು ಹೆಂಗಸರ ಕೆಲಸ; ಗಂಡಸರು ಆ ಸಾಲಿನಲ್ಲಿ ಕೂತರೆ ನಗೆಪಾಟಲು. ಅಲ್ಲಿಯೂ ಕಾಕಾ ಮದರಂಗಿ ಗಡ್ಡದೊಂದಿಗೆ ಕೂತು ಕಾಯಿ ಬಿಡಿಸಿದರು.

"ಏ ಸರೀರೆ, ಸರೀರೆ, ಸರಕಾರ ಬಂತು!" ಎಂದಳಂತೆ ಒಬ್ಬ ಹುಡುಗಿ. "ಸರಕಾರ, ಉಡಿ ಕಟ್ಕೋರಿ, ಕಾಯಿ ಎಲ್ಲೆ ಹಾಕ್ತೀರಿ?"

ಹೆಸರು ಅಂದು ಬಿತ್ತು. ಮೊದಲು ಅಣಕ, ಆಮೇಲೆ ರೂಢಿ. "ನಾಳೆ ಸರಕಾರ ಯಾರ ಹೊಲಕ್ಕೈತಿ?" "ಸರಕಾರಕ್ಕ ಬುತ್ತಿ ಕಟ್ರೆ." ಕಾಕಾ ಎನ್ನುವುದು ಮರೆತೇಹೋಯಿತು.

ಚಾಚಿ ಒಂದು ದಿನ ನನ್ನ ಎದುರಿಗೇ ಕೇಳಿದರು: "ಸರಕಾರ ಏನ್ ನಮ್ಮಪ್ಪನೇನ್ರಿ, ಅದರ ಮುಯ್ಯಾ ಅಳಿಯಾ ಆಗಿ ನೀವು ತೀರಸಾಕ?"

"ಕೇಳಿದ್ಯೇನಲೇ ರಾಜಾ" ಎಂದರು ಅವರು, "ಈ ವಯಸ್ಸಿನ್ಯಾಗ ದೊಡ್ಡ ಮನಿ ಅಳಿಯಾ ಆದ್ನಿ ನಾ."

ನಾನೂ ನಕ್ಕೆ. ಆ ಹೊಸ್ತಿಲಲ್ಲಿ ನಿಂತು, ಅವರ ಮನೆಯ ಚಹಾ ಕುಡಿಯುತ್ತ ನಕ್ಕೆ. ಮರುದಿನ ವರ್ಗಾವಣೆಗೆ ಅರ್ಜಿ ಬರೆದೆ.

ಹಿರೇಕೆರೂರಿಗೆ ವರ್ಗವಾಯಿತು. ಮದುವೆಯಾದೆ. ಒಂದು ಬಾಡಿಗೆ ಮನೆ, ಹಿಂದೆ ಸಣ್ಣ ಹಿತ್ತಲು. ಅರವತ್ತರ ದಶಕ ಶುರುವಾಗಿತ್ತು. ಒಂದು ಬೇಸಿಗೆಯ ಬೆಳಿಗ್ಗೆ ಬಾಗಿಲಲ್ಲಿ ಕಾಕಾ ನಿಂತಿದ್ದರು. ಕೈಯಲ್ಲಿ ಗೋಣಿ ಸುತ್ತಿದ ಗುದ್ದಲಿ. ಬಸ್ಸಿನಲ್ಲಿ ಬಂದಿದ್ದರು. ಹೊರಗೆ ಗಾಡಿಯಿಲ್ಲ, ಎತ್ತಿಲ್ಲ.

"ಏನ್ ಕಾಕಾ, ಇಷ್ಟ ದೂರ?"

"ನಿಮ್ಮದೊಂದು ದಿನಾ ಉಳದೈತ್ರಿ" ಎಂದರು. "ಊರಾಗಿಂದು ಎಲ್ಲಾ ಮುಗೀತು."

"ನನ್ನದೇನ್ರಿ ಕಾಕಾ, ನಾ ಸರಕಾರಿ ಮನಷ್ಯಾ. ನನಗ ಪಗಾರ ಇತ್ತು."

"ಪಗಾರ ಕಾಗದಾ ಬರಿಯಾಕ ಇತ್ರಿ. ಗುದ್ದಲಿ ಹಿಡಿಯಾಕ ಇರಲಿಲ್ಲ. ಅಂಗೈ ನಾ ನೋಡೇನಲ್ಲ."

ನಾನು ಏನಾದರೂ ಹೇಳುವ ಮುಂಚೆ ನನ್ನ ಹೆಂಡತಿ ಹೊರಗೆ ಬಂದಳು. ಅವಳಿಗೆ ಹಿಂದಿನದು ಯಾವುದೂ ಗೊತ್ತಿಲ್ಲ. ಕೈಯಲ್ಲಿ ಗುದ್ದಲಿ ಇದ್ದ ಹಿರಿಯರನ್ನು ನೋಡಿ, "ಬರ್ರಿ, ಕುಂದರ್ರಿ. ಬಚ್ಚಲ ನೀರು ಹಿತ್ತಲದಾಗ ನಿಂತು ನಾರಾಕತ್ತೈತ್ರಿ, ಇವರಿಗೆ ಹೇಳಿ ಹೇಳಿ ಸಾಕಾತು. ಒಂದು ಕಾಲುವಿ ತಗದ್ರ ಪುಣ್ಯಾ ಬರ್ತೈತ್ರಿ" ಎಂದಳು.

"ಪುಣ್ಯಾ ಬ್ಯಾಡವ್ವಾ" ಎಂದು ನಕ್ಕು, ಅವರು ಹಿತ್ತಲಿಗೆ ನಡೆದರು.

ದಿನವಿಡೀ ಅಗೆದರು. ಬಚ್ಚಲಿನಿಂದ ಬೇಲಿಯವರೆಗೆ ಕಾಲುವೆ ತೆಗೆದು, ತಳಕ್ಕೆ ಕಲ್ಲು ಬಡಿದು ಕೂರಿಸಿದರು. ನಾವು ಬಚ್ಚಲಿಗೆ ಹೋಗುವ ಹಾದಿ ಕಾಲುವೆಯನ್ನು ದಾಟುವಲ್ಲಿ, ಎಲ್ಲಿಂದಲೋ ಚಪ್ಪಟೆ ಕಲ್ಲುಗಳನ್ನು ಹೊತ್ತು ತಂದು ಅಡ್ಡ ಹಾಸಿದರು. ಅದರ ಮೇಲೆ ನಿಂತು, ಹಿಮ್ಮಡಿಯಿಂದ ಒತ್ತಿ, ಅಲುಗುತ್ತದೆಯೇ ಎಂದು ನೋಡಿದರು. ನಾನು ಆ ದಿನ ಕಚೇರಿಗೆ ಹೋಗಲಿಲ್ಲ, ಹಿತ್ತಲಿಗೂ ಹೋಗಲಿಲ್ಲ. ಕಿಟಕಿಯಿಂದ ನೋಡುತ್ತಿದ್ದೆ.

ಸಂಜೆ ರೊಟ್ಟಿ ತಿಂದು, ಕೈ ತೊಳೆದು, ಹಿತ್ತಲ ಕಟ್ಟೆಯ ಮೇಲೆ ಕೂತರು. ನಾನೂ ಹೋಗಿ ಕೂತೆ.

"ಶಿಗ್ಗಾವಿ ಸಭಾದಾಗ ಚಾ ಕೊಟ್ಟ ಪಟ್ಟೇವಾಲಾ ನಮ್ಮ ಬೀಗರ್ರಿ" ಎಂದರು.

ನಾನು ನೆಲ ನೋಡಿದೆ.

"ಮರುದಿನಾನ ಬಂದು ಹೇಳಿದ್ರು."

ಹಾಗಾದರೆ ನಾನು 'ಭಾಳ ಹೇಳಿದೆ' ಎಂದಾಗ ಅವರಿಗೆ ಎಲ್ಲ ಗೊತ್ತಿತ್ತು. ಮೆಣಸಿನಕಾಯಿ ಬಿಡಿಸುವಾಗ ಗೊತ್ತಿತ್ತು. ನನಗೆ ಚಹಾ ಕೊಡಿಸಿದಾಗ ಗೊತ್ತಿತ್ತು. ಊರಿನ ಒಬ್ಬರಿಗೂ ಅವರು ಹೇಳಿರಲಿಲ್ಲ. ಹೇಳಿದ್ದರೆ ಅವರ ಮೇಲಿನ ಭಾರ ಅಂದೇ ಇಳಿಯುತ್ತಿತ್ತು, ನನ್ನ ಮೇಲೆ ಬೀಳುತ್ತಿತ್ತು.

ಎತ್ತು ಇಲ್ಲದ್ದರಿಂದ ನನ್ನ ಮುಖವನ್ನೇ ನೋಡಿ ಹೇಳಿದರು: "ಸಭಾದಾಗ ನೀವು ಸುಳ್ಳ ಹೇಳಿಲ್ರಿ. ಅದು ದಾನಾ ಅಲ್ಲ ಅಂತ ನಾನೂ ಅಂದಿದ್ದೆ. ಖರೇನ ಹೇಳೀರಿ." ಕಿವಿಯ ಹಿಂದಿನ ಅರ್ಧ ಬೀಡಿ ತೆಗೆದು ನೋಡಿ, ಮತ್ತೆ ಅಲ್ಲೇ ಸಿಕ್ಕಿಸಿದರು. "ಎಲ್ಲಾರೂ ನಕ್ರಂತ. ನಮ್ಮ ಮುದುಕಿ ಮಾತಿಗೂ ನಕ್ರಂತ. ಅದೊಂದು ಬ್ಯಾಡಾಗಿತ್ತು."

ಹೆಂಡತಿ ಎಲೆಯಡಿಕೆಯ ತಾಟು ತಂದಿಟ್ಟಳು. ಅವರು ಒಂದು ಎಲೆ ತೆಗೆದು, ರೂಢಿಯಂತೆ ಅದರ ಬೆನ್ನು ತಿರುವಿ ನೋಡಿ, ಒರೆಸಿ, ಬಾಯಿಗೆ ಹಾಕಿಕೊಂಡರು. ಆಗ ನಾನು ಹೇಳಬೇಕಾಗಿತ್ತು. ಎರಡು ಮಾತು. ಬಾಯಿಗೆ ಬಂದಿತ್ತು. ಆದರೆ ನಾನು ಕಿಸೆಗೆ ಕೈ ಹಾಕಿ, "ಬಸ್ಸಿಗೆ ರೊಕ್ಕಾ ಐತೇನ್ರಿ ಕಾಕಾ?" ಎಂದೆ.

ಅವರು ಎದ್ದು ಗುದ್ದಲಿಗೆ ಗೋಣಿ ಸುತ್ತಿದರು.

"ಮುಯ್ಯಾಳಿಗೆ ಕೂಲಿ ಕೊಡೂದಿಲ್ರಿ" ಎಂದರು. ಸಿಟ್ಟಿರಲಿಲ್ಲ. ರೂಢಿ ಗೊತ್ತಿಲ್ಲದವನಿಗೆ ತಿಳಿಸಿ ಹೇಳುವಂತೆ ಹೇಳಿದರು.

ಆ ಮನೆಯಲ್ಲಿ ಇರುವಷ್ಟು ವರ್ಷ ದಿನವೂ ಆ ಕಲ್ಲುಗಳನ್ನು ದಾಟಿಯೇ ಸ್ನಾನಕ್ಕೆ ಹೋದೆ. ಒಂದೂ ಅಲುಗಲಿಲ್ಲ. ನಾನು ಮೇಲಿನ ಹುದ್ದೆಗೂ ಏರಿದೆ. ಎಷ್ಟೋ ಊರುಗಳ ಅನುದಾನಕ್ಕೆ ಶಿಫಾರಸು ಮಾಡಿದೆ. ಯಾರಾದರೂ ಶ್ರಮದಾನ ಎಂದಾಗ ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದೆ.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಕೆಲಸದ ಮೇಲೆ ಸವಣೂರಿಗೆ ಹೋಗಿದ್ದೆ. ಪೇಟೆಯಲ್ಲಿ ಎಲೆ ಮಾರುವವನೊಬ್ಬ ಆ ಊರಿನವನೆಂದು ತಿಳಿಯಿತು. "ಎಲಿ ಗಾಡಿ ಕಾಕಾ ಹೆಂಗದಾರ?" ಎಂದು ಕೇಳಿದೆ.

"ಯಾವ ಕಾಕಾ ರಿ?"

"ಮದರಂಗಿ ಗಡ್ಡದವರು. ಎತ್ತಿನ ಜೋಡಿ ಮಾತಾಡತಿದ್ರು."

"ಓ, ಸರಕಾರ ಏನ್ರಿ?" ಎಂದ ಅವನು. "ಸರಕಾರ ತೀರಿಕೊಂತ್ರಿ, ಹ್ವಾದ ಮಳಿಗಾಲಕ್ಕ. ಹಳ್ಳಕ್ಕ ಮೋರಿ ಆತ್ರಿ ಈಗ, ಲಾರಿ ತೋಟಕ್ಕ ಬರ್ತೈತಿ. ಮೋರಿ ಮ್ಯಾಲ ಒಂದು ಸರ್ತಿ ನಡದಾಡಿ ಬಂದಿದ್ರು ನೋಡ್ರಿ, ಅಷ್ಟ." ಎಲೆಗೆ ನೀರು ಚಿಮುಕಿಸುತ್ತ ಸೇರಿಸಿದ: "ಮಣ್ಣು ಕೊಡಾಕ ಊರಿಗೆ ಊರೇ ಬಂದಿತ್ರಿ. ಯಾರದೂ ಒಂದು ಮುಯ್ಯಾ ಉಳಿಸಿಕೊಂಡಿರಲಿಲ್ಲ ಆ ಮನಷ್ಯಾ."

ಅಲ್ಲಿಂದ ಅವರ ಊರಿಗೆ ಒಂದು ತಾಸಿನ ದಾರಿ. ಚಾಚಿ ಇದ್ದರು. ನಾನು ಹೋಗಲಿಲ್ಲ. ಶಿಗ್ಗಾವಿಯ ಬಸ್ಸು ಹಿಡಿದೆ.

ಲಗ್ನಪತ್ರಿಕೆಯ ಆ ಸಾಲನ್ನು ನಾನು ಬರೆಯಲಿಲ್ಲ. ಹುಡುಗಿ ತಾನೇ ಬರೆದುಕೊಂಡಳು, ಒತ್ತಕ್ಷರ ಸರಿಯಾಗಿಯೇ. ನಾನು ಈ ವಯಸ್ಸಿನಲ್ಲಿ, ಸರಕಾರದ ಪೆನ್ಶನ್ ತಿನ್ನುತ್ತ, ಅಂದು ಹಿತ್ತಲ ಕಟ್ಟೆಯ ಮೇಲೆ ನುಂಗಿಕೊಂಡ ಎರಡು ಮಾತನ್ನು ಇಲ್ಲಿ ಬರೆಯುತ್ತೇನೆ. ಯಾರಿಗೆ ಹೇಳದೆ ಉಳಿಸಿಕೊಂಡೆನೋ ಅವರನ್ನು ಅವರ ಊರು ಕರೆದ ಹೆಸರಿನಿಂದಲೇ ಕರೆದು ಬರೆಯುತ್ತೇನೆ.

ತಪ್ಪಾತ್ರಿ, ಸರಕಾರ.